ಗಡಿಯಲ್ಲಿ ಸಿಪಾಯಿ, ಮನೆಯಲ್ಲಿ ಮುಖ್ತ್ಯಾರ್ ಪತ್ರ



ನಮ್ಮ ರಾಜ್ಯದ ಎಷ್ಟೋ ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗುತ್ತಾರೆ. ಕೊಡಗಿನಲ್ಲಿ ಸೈನ್ಯಕ್ಕೆ ಸೇರುವುದು ತಲೆತಲಾಂತರದಿಂದ ಬಂದ ರೂಢಿ. ಬೆಳಗಾವಿಯಲ್ಲಿ ಮರಾಠಾ ಪದಾತಿ ದಳದ ಕೇಂದ್ರವೇ ಇದೆ. ಈಗ ಹೆಣ್ಣುಮಕ್ಕಳೂ ಸಿಪಾಯಿಗಳು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ ತರಬೇತಿ ಮುಗಿಸಿ 83 ಹೆಣ್ಣುಮಕ್ಕಳ ಮೊದಲ ತಂಡ ಸೈನ್ಯಕ್ಕೆ ಸೇರಿತು.

ಸಿಪಾಯಿ ಗಡಿಯಲ್ಲಿ ಇರುತ್ತಾರೆ. ಹೊಲ ಊರಲ್ಲಿ ಇರುತ್ತದೆ. ಕಂದಾಯ ಕಟ್ಟಬೇಕು. ಜಮೀನು ಅಳತೆ ಮಾಡಿಸಬೇಕು. ಬ್ಯಾಂಕಿನ ಕೆಲಸ ಇರುತ್ತದೆ. ಕೋರ್ಟಿನಿಂದ ನೋಟೀಸು ಬರಬಹುದು. ಎಲ್ಲ ಕಡೆಯೂ ಒಂದೇ ಮಾತು ಕೇಳುತ್ತಾರೆ: "ಯಜಮಾನರು ಎಲ್ಲಿ? ಅವರ ಸಹಿ ಬೇಕಲ್ಲ!"

ಸಿಪಾಯಿಗೆ ಬೇಕೆಂದಾಗ ರಜೆ ಸಿಗುವುದಿಲ್ಲ. ಹಾಗಾದರೆ ಕೆಲಸ ನಿಲ್ಲಬೇಕೆ? ನಿಲ್ಲಬೇಕಾಗಿಲ್ಲ. ಇದಕ್ಕೆ ಕಾಯಿದೆಯಲ್ಲೇ ಒಂದು ದಾರಿ ಇದೆ. ಅದೇ ಮುಖ್ತ್ಯಾರ್ ಪತ್ರ. ಆ ಪತ್ರದ ವಿಷಯ ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಮುಖ್ತ್ಯಾರ್ ಪತ್ರ ಎಂದರೇನು?

"ನನ್ನ ಬದಲಿಗೆ ಈ ಕೆಲಸವನ್ನು ಇವರು ಮಾಡಬಹುದು" ಎಂದು ಒಬ್ಬರು ಇನ್ನೊಬ್ಬರಿಗೆ ಬರೆದುಕೊಡುವ ಪತ್ರವೇ ಮುಖ್ತ್ಯಾರ್ ಪತ್ರ. ಕಚೇರಿಗಳಲ್ಲಿ ಇದನ್ನು ಪವರ್ ಆಫ್ ಅಟಾರ್ನಿ ಅಂತಾರೆ. ಅಧಿಕಾರ ಪತ್ರ ಅಂತಲೂ ಕರೀತಾರೆ. ಉತ್ತರ ಕರ್ನಾಟಕದ ಕಡೆ ವಟಮುಖತ್ಯಾರ ಪತ್ರ ಎಂಬ ಹೆಸರೂ ಇದೆ. ಹೆಸರು ಬೇರೆ, ಪತ್ರ ಒಂದೇ.

ಪತ್ರ ಬರೆದುಕೊಟ್ಟವರು ಯಜಮಾನರು. ಪತ್ರ ಪಡೆದವರು ಅವರ ಮುಖ್ತ್ಯಾರ್. ಮುಖ್ತ್ಯಾರ್ ಮಾಡಿದ ಕೆಲಸ ಯಜಮಾನರೇ ಮಾಡಿದಂತೆ. ಮುಖ್ತ್ಯಾರ್ ಹಾಕಿದ ಸಹಿಗೆ ಯಜಮಾನರು ಕಟ್ಟುಬೀಳಬೇಕು. ಆದ್ದರಿಂದ ಇದು ಸಣ್ಣ ಕಾಗದ ಅಲ್ಲ. ನಮ್ಮ ಕೈಯನ್ನೇ ಇನ್ನೊಬ್ಬರಿಗೆ ಎರವಲು ಕೊಟ್ಟ ಹಾಗೆ.

ಎರವಲು ಕೊಟ್ಟ ವಸ್ತು ನಮ್ಮದೇ ಅಲ್ಲವೇ? ಹಾಗೆಯೇ ಮುಖ್ತ್ಯಾರ್ ಪತ್ರ ಕೊಟ್ಟರೂ ಆಸ್ತಿ ಯಜಮಾನರದ್ದೇ. ಮುಖ್ತ್ಯಾರ್ ಕೆಲಸ ನೋಡಿಕೊಳ್ಳುವವರು, ಅಷ್ಟೇ. ಅವರು ಮಾಲೀಕರು ಆಗುವುದಿಲ್ಲ.

ಯಾರಿಗೆ ಕೊಡಬಹುದು?

ಹದಿನೆಂಟು ವರ್ಷ ತುಂಬಿದ, ನಂಬಿಕೆಯ ಯಾರಿಗಾದರೂ ಕೊಡಬಹುದು. ಹೆಂಡತಿಗೆ ಕೊಡಬಹುದು. ತಾಯಿಗೆ, ಅಣ್ಣನಿಗೆ, ಅಕ್ಕನಿಗೆ ಕೊಡಬಹುದು.

ಕೆಲವು ಮನೆಗಳಲ್ಲಿ ಹೇಳ್ತಾರೆ: "ನೀನು ಹೆಂಗಸು. ಕಚೇರಿ ಅಲೆಯೋದು ನಿನ್ನ ಕೈಲಿ ಆಗೋದಿಲ್ಲ. ಮೈದುನನ ಹೆಸರಿಗೆ ಮಾಡಿಸೋಣ." ಮೈದುನ ಒಳ್ಳೆಯವರೇ ಇರಬಹುದು. ಆದರೆ ಹೆಂಗಸಿಗೆ ಆಗೋದಿಲ್ಲ ಅಂತ ಕಾಯಿದೆ ಎಲ್ಲೂ ಹೇಳಿಲ್ಲ. ಹೆಣ್ಣಿಗೊಂದು ಕಾಯಿದೆ, ಗಂಡಿಗೊಂದು ಕಾಯಿದೆ ಇಲ್ಲಿ ಇಲ್ಲ.

ಇನ್ನೊಂದು ಮಾತು. ಮುಖ್ತ್ಯಾರ್ ಪತ್ರಗಳ ಕಾಯಿದೆ ಬಂದದ್ದು 1882ರಲ್ಲಿ. ಅಷ್ಟು ಹಿಂದಿನ ಕಾಯಿದೆಯಲ್ಲೇ ಒಂದು ಮಾತು ಬರೆದಿದೆ. ಮದುವೆಯಾದ ಹೆಂಗಸು ತನ್ನ ಕೆಲಸಕ್ಕೆ ತಾನೇ ಮುಖ್ತ್ಯಾರರನ್ನು ನೇಮಿಸಬಹುದು. ಮದುವೆಯಾಗದವರಿಗೆ ಎಷ್ಟು ಹಕ್ಕೋ ಅವಳಿಗೂ ಅಷ್ಟೇ ಹಕ್ಕು. ಆದ್ದರಿಂದ ಮಗಳು ಸಿಪಾಯಿಯಾದರೆ ಅವಳೂ ತನ್ನ ತಾಯಿಗೆ ಪತ್ರ ಕೊಡಬಹುದು.

ಎರಡು ಬಗೆ

ಮುಖ್ತ್ಯಾರ್ ಪತ್ರದಲ್ಲಿ ಎರಡು ಬಗೆ ಇದೆ.

ಒಂದು, ಸಾಮಾನ್ಯ ಮುಖ್ತ್ಯಾರ್ ಪತ್ರ. ಇದನ್ನೇ ಜಿ.ಪಿ.ಎ. ಅಂತಾರೆ. ಇದರಲ್ಲಿ ಹಲವು ಕೆಲಸಗಳಿಗೆ ಅಧಿಕಾರ ಕೊಟ್ಟಿರುತ್ತಾರೆ.

ಎರಡು, ವಿಶೇಷ ಮುಖ್ತ್ಯಾರ್ ಪತ್ರ. ಇದರಲ್ಲಿ ಗೊತ್ತಾದ ಒಂದು ಕೆಲಸಕ್ಕೆ ಮಾತ್ರ ಅಧಿಕಾರ. ಆ ಕೆಲಸ ಮುಗಿದರೆ ಪತ್ರವೂ ಮುಗಿಯಿತು.

ಯಾವುದು ಒಳ್ಳೆಯದು? ಕೆಲಸ ಎಷ್ಟಿದೆಯೋ ಅಷ್ಟಕ್ಕೇ ಪತ್ರ ಮಾಡಿಸುವುದು ಒಳ್ಳೆಯದು. ಅಳತೆ ಮಾಡಿಸಲು ಹೊಲ ಮಾರುವ ಅಧಿಕಾರ ಬೇಕಾಗಿಲ್ಲ. ಕಂದಾಯ ಕಟ್ಟಲು ಸಾಲ ಎತ್ತುವ ಅಧಿಕಾರ ಬೇಕಾಗಿಲ್ಲ.

ಪತ್ರದಲ್ಲಿ ಬರೆಯದ ಅಧಿಕಾರ ಮುಖ್ತ್ಯಾರರಿಗೆ ಇಲ್ಲ. ಮಾರುವ ಅಧಿಕಾರ ಬರೆದಿಲ್ಲದಿದ್ದರೆ ಅವರು ಮಾರುವಂತಿಲ್ಲ. ಬರೆದಿದ್ದರೆ ಮಾರಬಹುದು. ಒಂದು ಸಾಲಿನಲ್ಲಿ ಎಷ್ಟು ವ್ಯತ್ಯಾಸ ನೋಡಿ!

ಒಂದು ಸಾಲಿನ ಬೆಲೆ

ಒಬ್ಬ ಸಿಪಾಯಿ ಇದ್ದಾನೆ ಅಂತ ಇಟ್ಟುಕೊಳ್ಳೋಣ. ಹದಿನೈದು ದಿನದ ರಜೆಯಲ್ಲಿ ಊರಿಗೆ ಬಂದಿದ್ದಾನೆ. ನಾಳೆ ರೈಲು ಹತ್ತಬೇಕು. ದೊಡ್ಡಪ್ಪನ ಮಗ ಒಂದು ಪತ್ರ ಬರೆಸಿಕೊಂಡು ತಂದ. "ಪಹಣಿ ಸರಿ ಮಾಡಿಸೋಕೆ ಇದು ಬೇಕು, ತಮ್ಮಾ. ಬೇಗ ಸಹಿ ಹಾಕು" ಅಂದ. ಪತ್ರ ನಾಲ್ಕು ಹಾಳೆ ಇದೆ. ಸಿಪಾಯಿಗೆ ಅವಸರ. ಓದಲಿಲ್ಲ.

ಅವನ ಹೆಂಡತಿ ಸಾಕ್ಷರತಾ ಕೇಂದ್ರದಲ್ಲಿ ಓದು ಕಲಿತವಳು. "ಸ್ವಲ್ಪ ತಾಳ್ರಿ, ನಾನು ಓದ್ತೀನಿ" ಅಂದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮೂರನೇ ಹಾಳೆಯಲ್ಲಿ ಹೀಗೆ ಇತ್ತು: "ಸದರಿ ಜಮೀನನ್ನು ಕ್ರಯ ಮಾಡಲು, ಆಧಾರ ಮಾಡಲು, ಹಣ ಪಡೆಯಲು ಅಧಿಕಾರ ಕೊಟ್ಟಿರುತ್ತೇನೆ."

ಕ್ರಯ ಎಂದರೆ ಮಾರಾಟ. ಆಧಾರ ಎಂದರೆ ಅಡವು. ಪಹಣಿ ಸರಿ ಮಾಡಿಸಲು ಇವು ಯಾಕೆ?

ಅವಳು ಕೇಳಿದಳು. "ಎಲ್ಲ ಪತ್ರದಲ್ಲೂ ಹೀಗೇ ಬರೀತಾರೆ, ಅತ್ತಿಗೆ" ಎಂಬ ಉತ್ತರ ಬಂತು. ಅದು ಸರಿ ಇರಬಹುದು. ಪತ್ರ ಬರೆಯುವವರು ಹಳೇ ಮಾದರಿಯನ್ನು ಹಾಗೇ ಇಳಿಸಿರಬಹುದು. ಆದರೆ ಕಾಗದಕ್ಕೆ ಮನಸ್ಸಿನ ಮಾತು ತಿಳಿಯುವುದಿಲ್ಲ. ಬರೆದದ್ದೇ ನಡೆಯುತ್ತದೆ. ಆ ಸಾಲು ಹೊಡೆಸಿ, ಪತ್ರವನ್ನು ಹೊಸದಾಗಿ ಬರೆಸುವುದೇ ಸರಿ.

ಇದು ನಾವು ಕಟ್ಟಿದ ಕತೆ. ಆದರೆ ಇಂಥ ಸಾಲುಗಳು ಪತ್ರಗಳಲ್ಲಿ ಇರುವುದು ಕತೆಯಲ್ಲ.

ಪತ್ರ ಮಾಡಿಸುವುದು ಹೇಗೆ?

ಪತ್ರವನ್ನು ಸ್ಟಾಂಪ್ ಶುಲ್ಕ ಕಟ್ಟಿ ಬರೆಸಬೇಕು. ಶುಲ್ಕ ಎಲ್ಲ ಪತ್ರಕ್ಕೂ ಒಂದೇ ಅಲ್ಲ. ಯಾವ ಕೆಲಸಕ್ಕೆ, ಯಾರಿಗೆ ಕೊಡುತ್ತೀರಿ ಎಂಬುದರ ಮೇಲೆ ಅದು ಬದಲಾಗುತ್ತದೆ. ಉಪ ನೋಂದಣಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಆ ಕಚೇರಿಯನ್ನು ಜನ ಸಬ್ ರಿಜಿಸ್ಟ್ರಾರ್ ಆಫೀಸು ಅಂತಾರೆ.

ಪತ್ರದಲ್ಲಿ ಈ ವಿಷಯಗಳು ಇರಬೇಕು:

1. ಕೊಡುವವರ ಮತ್ತು ಪಡೆಯುವವರ ಹೆಸರು, ವಯಸ್ಸು, ಊರು.
2. ಜಮೀನಿನ ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ.
3. ಯಾವ ಯಾವ ಕೆಲಸಕ್ಕೆ ಅಧಿಕಾರ ಎಂಬ ಪಟ್ಟಿ.
4. ಯಾವುದಕ್ಕೆ ಅಧಿಕಾರ ಇಲ್ಲ ಎಂಬ ಮಾತು.
5. ಎಷ್ಟು ದಿನ ನಡೆಯುತ್ತದೆ ಎಂಬ ತಾರೀಖು.
6. ಹಾಳೆ ಹಾಳೆಗೂ ಕೊಡುವವರ ಸಹಿ. ಕೊನೆಗೆ ಇಬ್ಬರು ಸಾಕ್ಷಿಗಳ ಸಹಿ.

ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ ಹಾಕಬಾರದು. ಹೆಬ್ಬೆಟ್ಟೂ ಒತ್ತಬಾರದು. "ಆಮೇಲೆ ತುಂಬ್ತೀವಿ" ಅಂದರೆ "ತುಂಬಿ ತನ್ನಿ, ಆಮೇಲೆ ಸಹಿ ಹಾಕ್ತೀವಿ" ಅನ್ನಿ.

ಚಿಕ್ಕ ಪುಟ್ಟ ಕೆಲಸಕ್ಕೆ ನೋಟರಿ ವಕೀಲರ ಮುಂದೆ ಸಹಿ ಹಾಕಿ, ಅವರ ಮೊಹರು ಹಾಕಿಸುವುದು ರೂಢಿ. ಆದರೆ ಯಜಮಾನರು ಸಹಿ ಹಾಕಿದ ಕ್ರಯಪತ್ರವನ್ನೋ ಅಡವು ಪತ್ರವನ್ನೋ ಅವರ ಬದಲಿಗೆ ಮುಖ್ತ್ಯಾರ್ ನೋಂದಣಿಗೆ ಕೊಡಬೇಕಾದರೆ ನೋಟರಿ ಮೊಹರು ಸಾಕಾಗದು. 1908ರ ನೋಂದಣಿ ಕಾಯಿದೆ ಇದಕ್ಕೆ ಒಂದು ನಿಯಮ ಇಟ್ಟಿದೆ. ಯಜಮಾನರು ವಾಸವಿರುವ ಜಾಗದ ನೋಂದಣಿ ಅಧಿಕಾರಿಯ ಮುಂದೆಯೇ ಮುಖ್ತ್ಯಾರ್ ಪತ್ರಕ್ಕೆ ಸಹಿ ಹಾಕಬೇಕು. ಆ ಅಧಿಕಾರಿ ಅದನ್ನು ದೃಢೀಕರಿಸಬೇಕು. ಆದ್ದರಿಂದ ಜಮೀನಿನ ವಿಷಯವಾದರೆ ಪತ್ರವನ್ನು ಉಪ ನೋಂದಣಿ ಕಚೇರಿಯಲ್ಲೇ ಮಾಡಿಸುವುದು ಗಟ್ಟಿ.

ರಜೆಯಲ್ಲಿ ಊರಿಗೆ ಬಂದಾಗ ಮಾಡಿಸಿದರೆ ಎಲ್ಲಕ್ಕಿಂತ ಸುಲಭ. ರಜೆ ಸಿಗದಿದ್ದರೆ ಅವರು ಕೆಲಸ ಮಾಡುವ ಊರಿನ ನೋಂದಣಿ ಕಚೇರಿಯಲ್ಲೂ ಮಾಡಿಸಬಹುದು. ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಹೊರದೇಶಕ್ಕೆ ಹೋಗಿದ್ದರೆ? ಅಲ್ಲಿನ ನೋಟರಿ, ನ್ಯಾಯಾಧೀಶರು ಅಥವಾ ಭಾರತದ ರಾಯಭಾರ ಕಚೇರಿಯ ಕಾನ್ಸಲ್ ಅಧಿಕಾರಿಯ ಮುಂದೆ ಸಹಿ ಹಾಕಬಹುದು. ಆ ಪತ್ರ ಇಲ್ಲಿಗೆ ಬಂದ ಮೇಲೆ ಮೂರು ತಿಂಗಳ ಒಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು.

ಓದಿ ನೋಡಿ

ಪತ್ರ ಹೇಗಿರುತ್ತದೆ? ಇಲ್ಲಿ ಒಂದು ಸಣ್ಣ ಮಾದರಿ ಇದೆ. ಗಟ್ಟಿಯಾಗಿ ಓದಿ.

"ನಾನು ಸೈನ್ಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಊರಿನಲ್ಲಿ ಇದ್ದು ನನ್ನ ಕೆಲಸ ನೋಡಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ನನ್ನ ಹೆಂಡತಿಯನ್ನು ಕೆಳಗಿನ ಕೆಲಸಗಳಿಗೆ ಮಾತ್ರ ನನ್ನ ಮುಖ್ತ್ಯಾರ್ ಆಗಿ ನೇಮಿಸಿದ್ದೇನೆ.

ಒಂದು, ಮೇಲೆ ಹೇಳಿದ ಜಮೀನಿನ ಕಂದಾಯ ಕಟ್ಟಿ ರಸೀದಿ ಪಡೆಯುವುದು. ಎರಡು, ಅದರ ಅಳತೆಗೆ ಅರ್ಜಿ ಕೊಟ್ಟು, ಅಳತೆಯ ದಿನ ಹಾಜರಿರುವುದು. ಮೂರು, ಗ್ರಾಮ ಪಂಚಾಯಿತಿಯಲ್ಲಿ ಮನೆ ತೆರಿಗೆ ಕಟ್ಟುವುದು.

ಈ ಜಮೀನನ್ನು ಮಾರುವ, ಅಡವಿಡುವ, ದಾನ ಕೊಡುವ ಅಧಿಕಾರವನ್ನು ಕೊಟ್ಟಿಲ್ಲ. ಈ ಪತ್ರ ಎರಡು ವರ್ಷದವರೆಗೆ ಮಾತ್ರ ನಡೆಯುತ್ತದೆ."

ನಿಮ್ಮ ಪತ್ರವನ್ನು ವಕೀಲರಿಂದ ಬರೆಸಿ. ಆದರೆ ಬರೆದದ್ದನ್ನು ನೀವೇ ಓದಿ. ಇಂಗ್ಲಿಷಿನಲ್ಲಿ ಬರೆದು ತಂದರೆ "ಕನ್ನಡದಲ್ಲಿ ಬರೆದುಕೊಡಿ" ಅಂತ ಕೇಳಿ. ಕೇಳಲು ನಾಚಿಕೆ ಬೇಡ.

ನೀವೇ ಮುಖ್ತ್ಯಾರ್ ಆದರೆ

ಪತ್ರ ನಿಮ್ಮ ಹೆಸರಿಗೆ ಆಯಿತು ಅನ್ನಿ. ಆಗ ಈ ಮಾತುಗಳನ್ನು ನೆನಪಿಡಿ.

ಅವರ ಸಹಿಯನ್ನು ನೀವು ಹಾಕಬಾರದು. "ಅವರ ಸಹಿ ನೀನೇ ಹಾಕಿಬಿಡಮ್ಮ, ಯಾರು ನೋಡ್ತಾರೆ" ಅಂತ ಯಾರಾದರೂ ಹೇಳಬಹುದು. ಅದು ಖೋಟಾ ಸಹಿ. ಅಪರಾಧ. ನಿಮ್ಮ ಸಹಿಯನ್ನೇ ಹಾಕಿ. ಅದರ ಜೊತೆ "ಇಂಥವರ ಪರವಾಗಿ, ಅವರ ಮುಖ್ತ್ಯಾರ್" ಎಂದು ಬರೆಯಿರಿ.

ಲೆಕ್ಕ ಇಡಬೇಕು. ಎಷ್ಟು ಬಂತು, ಎಷ್ಟು ಹೋಯಿತು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ರಸೀದಿಗಳನ್ನು ಅಂಟಿಸಿ ಇಡಿ. ಯಜಮಾನರು ಕೇಳಿದಾಗ ಲೆಕ್ಕ ಕೊಡುವುದು ಮುಖ್ತ್ಯಾರರ ಹೊಣೆ. 1872ರ ಕರಾರು ಕಾಯಿದೆಯಲ್ಲಿ ಈ ಮಾತು ಇದೆ. ಮೈದುನ ಮುಖ್ತ್ಯಾರ್ ಆಗಿದ್ದರೆ ಅವರೂ ಲೆಕ್ಕ ಕೊಡಬೇಕು.

ನಿಮಗೆ ಕೊಟ್ಟ ಅಧಿಕಾರವನ್ನು ನೀವು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಪತ್ರದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಆಗಬಹುದು.

ಮೂಲ ಪತ್ರ ನಿಮ್ಮ ಬಳಿಯೇ ಇರಲಿ. ಕಚೇರಿಗೆ ನಕಲು ಕೊಡಿ. ಮೂಲ ತೋರಿಸಿ, ವಾಪಸ್ ತನ್ನಿ.

ಬ್ಯಾಂಕಿನ ಕೆಲಸಕ್ಕೆ ಬ್ಯಾಂಕಿನವರನ್ನು ಮೊದಲೇ ಕೇಳಿ. ಅವರು ಪತ್ರವನ್ನು ನೋಡಿ ತಮ್ಮ ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳಬೇಕು. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿ ಖಾತೆ ಇದ್ದು, "ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದು" ಎಂದು ಬರೆಸಿದ್ದರೆ ಆ ಖಾತೆಗೆ ಮುಖ್ತ್ಯಾರ್ ಪತ್ರವೇ ಬೇಡ.

ಕೋರ್ಟಿನ ನೋಟೀಸು ಬಂದರೆ

ಸಿಪಾಯಿಯ ಹೆಸರಿಗೆ ನೋಟೀಸು ಬಂದರೆ ಮುಚ್ಚಿಡಬೇಡಿ. ಕೋರ್ಟಿನ ವಿಷಯಕ್ಕೆ ಸೈನಿಕರಿಗೆ ಬೇರೆ ಅನುಕೂಲ ಇದೆ.

ಸಿವಿಲ್ ಪ್ರಕ್ರಿಯಾ ಸಂಹಿತೆ ಎಂಬ ಕಾಯಿದೆ ಇದೆ. ರಜೆ ಸಿಗದ ಸೈನಿಕರು ತಮ್ಮ ಪರವಾಗಿ ದಾವೆ ನಡೆಸಲು ಬೇರೆಯವರಿಗೆ ಅಧಿಕಾರ ಕೊಡಬಹುದು ಎಂದು ಅದು ಹೇಳುತ್ತದೆ. ಸಿಪಾಯಿ ತನ್ನ ಕಮಾಂಡಿಂಗ್ ಅಧಿಕಾರಿಯ ಮುಂದೆ ಆ ಪತ್ರಕ್ಕೆ ಸಹಿ ಹಾಕಬೇಕು. ಅಧಿಕಾರಿಯೂ ಮೇಲೆ ಸಹಿ ಹಾಕಬೇಕು. ಆ ಪತ್ರವನ್ನು ಕೋರ್ಟಿಗೆ ಕೊಡಬೇಕು. ಊರಿಗೆ ಬರಬೇಕಾಗಿಲ್ಲ. ಪತ್ರ ಅಂಚೆಯಲ್ಲಿ ಬಂದರೂ ಸಾಕು.

ಆ ಪತ್ರ ಇದ್ದರೆ ನೀವು ಕೋರ್ಟಿಗೆ ಹಾಜರಾಗಬಹುದು. ವಕೀಲರನ್ನು ಇಡಬಹುದು. ಆದರೆ ಅವರು ಕಣ್ಣಾರೆ ಕಂಡದ್ದಕ್ಕೆ ನೀವು ಸಾಕ್ಷಿ ಹೇಳಲು ಆಗುವುದಿಲ್ಲ. ಅದನ್ನು ಅವರೇ ಹೇಳಬೇಕು.

ಸಿಪಾಯಿ ಯುದ್ಧದಂಥ ವಿಶೇಷ ಸ್ಥಿತಿಯಲ್ಲಿ ಕೆಲಸದಲ್ಲಿದ್ದರೆ ದಾವೆಯನ್ನೇ ಮುಂದಕ್ಕೆ ಹಾಕಿಸಲು 1925ರ ಒಂದು ಕಾಯಿದೆ ಇದೆ. ಅದಕ್ಕೆ "ಇವರು ಸೈನ್ಯದಲ್ಲಿದ್ದಾರೆ" ಎಂದು ಕೋರ್ಟಿಗೆ ತಿಳಿಸಬೇಕು. ಸುಮ್ಮನಿದ್ದರೆ ಅವರಿಲ್ಲದೆಯೇ ತೀರ್ಪು ಆಗಿಹೋಗಬಹುದು.

ಜಿ.ಪಿ.ಎ. ಮೇಲೆ ಜಮೀನು ಕೊಳ್ಳಬೇಡಿ

ಸೈನ್ಯದಲ್ಲಿ ದುಡಿದ ಹಣದಲ್ಲಿ ಸೈಟು ಕೊಳ್ಳುವವರು ಬಹಳ ಜನ. ಕೆಲವರು "ರಿಜಿಸ್ಟರ್ ಖರ್ಚು ಯಾಕೆ? ಜಿ.ಪಿ.ಎ. ಬರೆದುಕೊಡ್ತೀವಿ, ಸೈಟು ನಿಮ್ಮದೇ" ಅಂತಾರೆ. ನಂಬಬೇಡಿ. ಮುಖ್ತ್ಯಾರ್ ಪತ್ರದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ನೋಂದಣಿಯಾದ ಕ್ರಯಪತ್ರ ಬೇಕೇ ಬೇಕು.

ಪತ್ರ ಯಾವಾಗ ಮುಗಿಯುತ್ತದೆ?

ತಾರೀಖು ಬರೆದಿದ್ದರೆ ಆ ತಾರೀಖಿಗೆ ಮುಗಿಯುತ್ತದೆ. ಕೆಲಸ ಮುಗಿದರೆ ಮುಗಿಯುತ್ತದೆ. ಕೊಟ್ಟವರು ಬೇಡ ಎಂದರೂ ಸಾಮಾನ್ಯವಾಗಿ ಮುಗಿಯುತ್ತದೆ. ಆದರೆ ಬಾಯಿಮಾತಲ್ಲಿ "ರದ್ದು" ಅಂದರೆ ಸಾಲದು. ರದ್ದತಿ ಪತ್ರ ಮಾಡಿಸಬೇಕು. ಮುಖ್ತ್ಯಾರರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಬ್ಯಾಂಕು, ತಹಸೀಲ್ದಾರ್ ಕಚೇರಿ, ನೋಂದಣಿ ಕಚೇರಿಗೂ ತಿಳಿಸಬೇಕು. ಮೂಲ ಪತ್ರ ವಾಪಸ್ ಪಡೆಯಬೇಕು. ರದ್ದಾದ ವಿಷಯ ಗೊತ್ತಿಲ್ಲದವರ ಜೊತೆ ಮುಖ್ತ್ಯಾರ್ ವ್ಯವಹಾರ ಮಾಡಿದರೆ ಅದು ಯಜಮಾನರ ತಲೆಗೇ ಬರಬಹುದು.

ಇನ್ನೊಂದು ವಿಷಯ ಹೇಳಲೇಬೇಕು. ಹೇಳಲು ಬಾಯಿ ಬಾರದು. ಆದರೂ ಸಿಪಾಯಿಯ ಮನೆಯವರು ತಿಳಿದಿರಬೇಕು. ಪತ್ರ ಕೊಟ್ಟವರು ತೀರಿಕೊಂಡರೆ ಮುಖ್ತ್ಯಾರ್ ಪತ್ರವೂ ಅಂದಿಗೇ ಮುಗಿಯುತ್ತದೆ. ಮಾರನೆಯ ದಿನ ಅದನ್ನು ತೋರಿಸಿ ಹಣ ತೆಗೆಯುವಂತಿಲ್ಲ. ಮೈದುನನ ಬಳಿ ಪತ್ರ ಇದ್ದರೆ ಅವರೂ ಅದನ್ನು ಬಳಸುವಂತಿಲ್ಲ. "ಅಣ್ಣ ನನಗೇ ಬರೆದುಕೊಟ್ಟಿದ್ದಾನೆ, ಹೊಲ ನನ್ನದು" ಅನ್ನುವಂತಿಲ್ಲ. ಆ ಮೇಲಿನ ಹಕ್ಕು ವಾರಸುದಾರರದು. ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು.

ಅದಕ್ಕೇ ನಾವು ಹೇಳುವುದು: ಮುಖ್ತ್ಯಾರ್ ಪತ್ರ ಒಂದೇ ಸಾಲದು. ಅದರ ಜೊತೆಗೆ ಸಿಪಾಯಿ ರಜೆಯಲ್ಲಿ ಬಂದಾಗ ಇಬ್ಬರೂ ಕೂತು ಇಷ್ಟು ನೋಡಿಕೊಳ್ಳಿ. ಬ್ಯಾಂಕಿನ ಖಾತೆಗೆ ನಾಮಿನಿ ಹೆಸರು ಬರೆಸಿದ್ದಾರೆಯೇ? ವಿಮೆಗೆ ಬರೆಸಿದ್ದಾರೆಯೇ? ಸೈನ್ಯದ ದಾಖಲೆಯಲ್ಲಿ ಹೆಂಡತಿ, ಮಕ್ಕಳ ಹೆಸರು, ಹುಟ್ಟಿದ ತಾರೀಖು ಸರಿ ಇವೆಯೇ? ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಸೈನ್ಯದ ಕಾಗದದಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ಸರಿ ಮಾಡಿಸಿ. ಇದು ಅಪಶಕುನದ ಮಾತಲ್ಲ. ಮಳೆಗೆ ಮೊದಲೇ ಮನೆಯ ಹೆಂಚು ತಿರುವಿ ಹಾಕುವಂಥ ಕೆಲಸ.

ಯಾರನ್ನು ಕೇಳಬೇಕು?

ಸೈನಿಕರ ಮನೆಯವರ ಕಷ್ಟ ಕೇಳಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿವೆ. ಅಲ್ಲಿ ಹೋಗಿ ಕೇಳಿ.

ವಕೀಲರಿಗೆ ಕೊಡಲು ಹಣ ಇಲ್ಲವೇ? 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ ಉಚಿತವಾಗಿ ಕಾನೂನು ನೆರವು ಸಿಗುತ್ತದೆ. ಇದಕ್ಕೆ ಆದಾಯದ ಮಿತಿ ಇಲ್ಲ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ. 15100 ಎಂಬ ನಂಬರಿಗೆ ಫೋನು ಮಾಡಿಯೂ ಕೇಳಬಹುದು.

ನೆನಪಿಡೋಣ

ಮುಖ್ತ್ಯಾರ್ ಪತ್ರ ಎರವಲು ಕೊಟ್ಟ ಕೈ. ಆಸ್ತಿ ಕೊಟ್ಟಂತಲ್ಲ.
ಕೆಲಸ ಎಷ್ಟೋ ಅಧಿಕಾರ ಅಷ್ಟೇ ಬರೆಸೋಣ.
ಕ್ರಯ, ಆಧಾರ, ದಾನ ಎಂಬ ಮಾತು ಕಂಡರೆ ನಿಂತು ಕೇಳೋಣ.
ಖಾಲಿ ಹಾಳೆಗೆ ಸಹಿ ಹಾಕದಿರೋಣ.
ಕೊಟ್ಟವರ ಜೀವ ಇರುವವರೆಗೆ ಮಾತ್ರ ಪತ್ರಕ್ಕೆ ಜೀವ.

ಮಾತಾಡೋಣ, ಬರೆಯೋಣ

1. ನಿಮ್ಮ ಊರಲ್ಲಿ ಸೈನ್ಯಕ್ಕೆ ಹೋದವರ ಮನೆ ಎಷ್ಟಿವೆ? ಅವರ ಹೊಲ-ಮನೆ ಕೆಲಸ ಯಾರು ನೋಡಿಕೊಳ್ಳುತ್ತಾರೆ?
2. ನಿಮ್ಮ ಮನೆಯ ಪಹಣಿ ತಂದು ಓದಿ. ಅದರಲ್ಲಿ ಯಾರ ಹೆಸರಿದೆ? ಸರ್ವೆ ನಂಬರು ಎಷ್ಟು?
3. "ಕ್ರಯ", "ಆಧಾರ", "ರದ್ದತಿ", "ವಾರಸುದಾರರು" ಈ ಪದಗಳನ್ನು ಮೂರು ಸಲ ಬರೆಯಿರಿ. ಅರ್ಥ ಹೇಳಿ.
4. ಹಾಳೆ ತುಂಬದೆ ಸಹಿ ಕೇಳಿದವರಿಗೆ ನೀವು ಏನು ಹೇಳುತ್ತೀರಿ? ಎರಡು ಸಾಲು ಬರೆಯಿರಿ.